ಕಬಡ್ಡಿ ಶಿಬಿರದ ಸ್ವಯಂಸೇವಕರಿಗೆ ಮಕ್ಕಳ ರಕ್ಷಣೆಯ ತರಬೇತಿ: ನೀವು ಹೇಗೆ ಮಾಡಿದಿರಿ?

ಪ್ರಶ್ನೆ: ಹಾವೇರಿ ಜಿಲ್ಲೆಯ ನಮ್ಮೂರಲ್ಲಿ ಬೇಸಿಗೆ ರಜೆಗೆ ಮಕ್ಕಳಿಗೆ ಕಬಡ್ಡಿ, ಖೊ-ಖೊ ಶಿಬಿರ ಮಾಡುತ್ತೇವೆ. ಕಲಿಸುವವರು ಊರಿನ ಹಳೇ ಆಟಗಾರರು, ಡಿಗ್ರಿ ಓದುವ ಹುಡುಗ ಹುಡುಗಿಯರು. ಯಾರಿಗೂ ಸಂಬಳವಿಲ್ಲ. ಈ ಸಲ ಶುರುವಾಗುವ ಮುಂಚೆ, ಮಕ್ಕಳ ಮೇಲಿನ ದೌರ್ಜನ್ಯ ತಡೆಯುವುದು ಹೇಗೆ ಅಂತ ಇವರಿಗೆ ಒಂದು ದಿನ ತರಬೇತಿ ಕೊಡಬೇಕೆಂದಿದ್ದೇವೆ. 'ನಮ್ಮ ಮೇಲೇ ಅನುಮಾನನಾ?' ಅಂತ ಕೆಲವರು ಮುಖ ಸಣ್ಣ ಮಾಡಿಕೊಂಡಿದ್ದಾರೆ. ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಕಬಡ್ಡಿ ಕೋಚ್, ತುಮಕೂರು: ಸರ್, ಮಕ್ಕಳಿಗೆ ಒಳ್ಳೆ ಸ್ಪರ್ಶ, ಕೆಟ್ಟ ಸ್ಪರ್ಶ ಹೇಳಿಕೊಟ್ಟು ಅಷ್ಟಕ್ಕೇ ಕೈ ತೊಳೆದುಕೊಳ್ಳಬೇಡಿ. ಹತ್ತು ವರ್ಷದ ಮಗು ತನ್ನ ಕೋಚ್‌ಗೆ ಎದುರು ಹೇಳುತ್ತದಾ? ತಂಡಕ್ಕೆ ಯಾರನ್ನು ಆರಿಸಬೇಕು ಅನ್ನುವುದು ಅವರ ಕೈಯಲ್ಲೇ ಇರುತ್ತದೆ. ಅದಕ್ಕೇ ನಿಯಮ ದೊಡ್ಡವರಿಗೆ ಇರಬೇಕು.

ನಮ್ಮ ಆಟದಲ್ಲಿ ಮೈ ಮುಟ್ಟದೆ ಕಲಿಸಲು ಆಗುವುದಿಲ್ಲ. ಹಿಡಿತ ತೋರಿಸಬೇಕಾದರೆ ಎಲ್ಲರ ಮುಂದೆ, ಮೊದಲು ಹೇಳಿ, 'ಸರಿನಾ?' ಅಂತ ಕೇಳಿ ತೋರಿಸಿ. ಸಾಧ್ಯವಾದಷ್ಟೂ ಇಬ್ಬರು ಸ್ವಯಂಸೇವಕರ ಮೇಲೇ ತೋರಿಸಿ.

ತೂಕ ನೋಡುವ ಹೊತ್ತಿನ ಬಗ್ಗೆ ಜಾಸ್ತಿ ಹೇಳಬೇಕು. ವಯಸ್ಸಿನ ಗುಂಪಿನ ಆಯ್ಕೆಗಳಲ್ಲಿ ತೂಕದ ಮಿತಿ ಇರುತ್ತದೆ. ಅರ್ಧ ಕಿಲೋ ಜಾಸ್ತಿ ಬಂದರೆ 'ಬನಿಯನ್ ಬಿಚ್ಚು, ಚಡ್ಡಿ ಬಿಚ್ಚು' ಅಂತ ರೂಮಿನೊಳಗೆ ಕರೆದುಕೊಂಡು ಹೋಗುವುದು ಎಷ್ಟೋ ಕಡೆ ಮಾಮೂಲಿ. ಅದು ತಪ್ಪು ಅಂತ ಯಾರಿಗೂ ಅನಿಸಿರುವುದೇ ಇಲ್ಲ. ನಾವು ತಕ್ಕಡಿಯನ್ನು ವರಾಂಡಕ್ಕೆ ತಂದಿಟ್ಟೆವು. ಬಟ್ಟೆ ಹಾಕಿಕೊಂಡೇ ತೂಕ, ಇಬ್ಬರು ದೊಡ್ಡವರ ಎದುರಿಗೆ, ಹುಡುಗಿಯರಿಗಾದರೆ ಅದರಲ್ಲಿ ಒಬ್ಬ ಹೆಂಗಸು. ಎಣ್ಣೆ ತಿಕ್ಕುವುದು, ಮಸಾಜ್ ಪೂರ್ತಿ ಬಂದ್. ಮಗುವಿನ ಜೊತೆ ಬೇರೆಯಾಗಿ ವಾಟ್ಸಾಪ್ ಮಾತು ಬೇಡ, ಬೈಕಲ್ಲಿ ಒಬ್ಬರೇ ಡ್ರಾಪ್ ಕೊಡುವುದೂ ಬೇಡ.

ಮುಖ ಸಣ್ಣ ಮಾಡಿಕೊಂಡವರಿಗೆ ಉಪದೇಶ ಬೇಡ. ನಿಯಮದ ಹಾಳೆಗೆ ಅಧ್ಯಕ್ಷರೇ ಮೊದಲು ಸಹಿ ಹಾಕಲಿ. ಅದನ್ನು ನೋಡಿದ ಮೇಲೆ ನಮ್ಮಲ್ಲಿ ಯಾರೂ ತಕರಾರು ತೆಗೆಯಲಿಲ್ಲ.

ಮಕ್ಕಳ ರಕ್ಷಣೆ ಕೆಲಸದಲ್ಲಿರುವವಳು, ಧಾರವಾಡ: ಭಾಷಣ ಕಡಿಮೆ ಮಾಡಿ, ಅಭಿನಯ ಮಾಡಿಸಿ. ಒಬ್ಬರು ಮಗುವಾಗಿ 'ಸರ್, ನಾ ನಾಳಿಂದ ಬರಂಗಿಲ್ಲ' ಅಂತಷ್ಟೇ ಹೇಳಲಿ. ಹೆಚ್ಚಿನವರು ತಕ್ಷಣ ಪ್ರಶ್ನೆ ಸುರಿಸುತ್ತಾರೆ: ಯಾರು? ಎಲ್ಲಿ ಮುಟ್ಟಿದ? ಮೊದಲೇ ಯಾಕೆ ಹೇಳಲಿಲ್ಲ? ಅಷ್ಟಕ್ಕೇ ಮಗು ಬಾಯಿ ಮುಚ್ಚಿಬಿಡುತ್ತದೆ. 'ಹೇಳಿದ್ದು ಒಳ್ಳೇದಾತು, ನಿಂದೇನೂ ತಪ್ಪಿಲ್ಲ' ಅನ್ನುವುದನ್ನು ಬಾಯಿಗೆ ರೂಢಿಯಾಗುವವರೆಗೂ ಹೇಳಿಸಿ. 'ಯಾರಿಗೂ ಹೇಳಲ್ಲ' ಅಂತ ಮಾತು ಕೊಡಬಾರದು, ಏಕೆಂದರೆ ಅದನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಡಿ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆ 18 ವರ್ಷದೊಳಗಿನ ಹುಡುಗ, ಹುಡುಗಿ ಇಬ್ಬರಿಗೂ ಅನ್ವಯಿಸುತ್ತದೆ. ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದವರು ಯಾರೇ ಆಗಲಿ, ಪೊಲೀಸರಿಗೆ ತಿಳಿಸಲೇಬೇಕು (ಸೆಕ್ಷನ್ 19). ಮುಚ್ಚಿಟ್ಟರೆ 6 ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಸಂಸ್ಥೆ ನಡೆಸುವವರು ತಮ್ಮ ಕೈಕೆಳಗಿನವರ ವಿಷಯ ಮುಚ್ಚಿಟ್ಟರೆ 1 ವರ್ಷದವರೆಗೆ ಜೈಲು (ಸೆಕ್ಷನ್ 21). ಹಿರಿಯರನ್ನು ಕೂರಿಸಿ 'ಊರ ಮರ್ಯಾದೆ' ಅಂತ ರಾಜಿ ಮಾಡಿಸಲು ಯಾರಿಗೂ ಹಕ್ಕಿಲ್ಲ. ಇದನ್ನು ಕಮಿಟಿಯವರಿಗೇ ಮೊದಲು ಹೇಳಿ, ಒತ್ತಡ ಬರುವುದೇ ಅಲ್ಲಿಂದ. 'ಸುಳ್ಳಾದರೆ ನಾನು ಸಿಕ್ಕಿಹಾಕಿಕೊಳ್ಳಲ್ವಾ?' ಅಂತ ಎಲ್ಲರೂ ಕೇಳುತ್ತಾರೆ. ಒಳ್ಳೆ ಮನಸ್ಸಿನಿಂದ ತಿಳಿಸಿದವರಿಗೆ ಅದೇ ಕಾಯ್ದೆ ರಕ್ಷಣೆ ಕೊಡುತ್ತದೆ. ಏನು ಮಾಡಬೇಕೆಂದು ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಉಚಿತ.

ಇಂಗ್ಲೆಂಡಿನಲ್ಲಿರುವ ಕನ್ನಡಿಗ, ಮಕ್ಕಳ ಫುಟ್‌ಬಾಲ್ ಸ್ವಯಂಸೇವಕ: ಇಲ್ಲಿ ನಾವೂ ಸಂಬಳವಿಲ್ಲದೆ ವಾರಾಂತ್ಯದಲ್ಲಿ ಕಲಿಸುವವರೇ. ಆದರೂ ಪೊಲೀಸ್ ದಾಖಲೆ ತಪಾಸಣೆ, ಮಕ್ಕಳ ರಕ್ಷಣೆಯ ಕೋರ್ಸ್ ಎರಡೂ ಆಗಬೇಕು. ಮಕ್ಕಳ ತಂಡ ಇರುವ ಕ್ಲಬ್‌ನಲ್ಲಿ ದೂರು ಕೇಳಲೆಂದೇ ಒಬ್ಬ ವೆಲ್‌ಫೇರ್ ಆಫೀಸರ್ ಇರುತ್ತಾರೆ. 2016ರಲ್ಲಿ ಆಂಡಿ ವುಡ್‌ವರ್ಡ್ ಎಂಬ ಮಾಜಿ ಆಟಗಾರರು, ಹುಡುಗನಾಗಿದ್ದಾಗ ಕೋಚ್‌ನಿಂದ ಆದದ್ದನ್ನು ಬಹಿರಂಗವಾಗಿ ಹೇಳಿದರು. ಆಮೇಲೆ ನೂರಾರು ಜನ ಮುಂದೆ ಬಂದರು, ಹೆಚ್ಚಿನವರು ಗಂಡಸರು. ತರಬೇತಿಯಲ್ಲಿ ಹುಡುಗರ ಉದಾಹರಣೆಯನ್ನೂ ಕೊಡಿ, ಬರೀ ಹುಡುಗಿಯರದ್ದಲ್ಲ.

ಆಟಗಾರ್ತಿಯ ತಾಯಿ, ಶಿವಮೊಗ್ಗ: ನಿಯಮದ ಹಾಳೆ ನಮಗೂ ಕೊಡಿ ಸರ್. ಬೇರೆ ಊರಿಗೆ ಟೂರ್ನಮೆಂಟ್‌ಗೆ ಟೆಂಪೊದಲ್ಲಿ ಹೋದಾಗ ಶಾಲೆ ರೂಮುಗಳಲ್ಲಿ ಮಲಗಿಸುತ್ತಾರೆ. ಯಾರ ಜೊತೆ ಯಾರು ಮಲಗುತ್ತಾರೆ, ರಾತ್ರಿ ಬಾತ್‌ರೂಮಿಗೆ ಯಾರು ಕರೆದುಕೊಂಡು ಹೋಗುತ್ತಾರೆ ಅಂತ ಮೊದಲೇ ಹೇಳಿದರೆ ನಾವೂ ನೆಮ್ಮದಿಯಾಗಿ ಕಳಿಸುತ್ತೇವೆ. ಇಬ್ಬರು ತಾಯಂದಿರನ್ನು ಜೊತೆಗೆ ಕರೆದುಕೊಂಡು ಹೋಗಿ. ಕೇಳಿದರೆ ಬರುವವರು ಇದ್ದೇ ಇರುತ್ತಾರೆ.