ಈಜುಕೊಳದ ಬೇಲಿ: ಮನೆಯ ಗೋಡೆ ಲೆಕ್ಕಕ್ಕೆ ಬರುತ್ತಾ?

ಪ್ರಶ್ನೆ:
ಹಿತ್ತಲಲ್ಲಿ ಈಜುಕೊಳ ಕಟ್ಟಿಸುತ್ತಿದ್ದೇವೆ. ಮೂರು ಕಡೆ ಬೇಲಿ, ನಾಲ್ಕನೇ ಕಡೆ ಮನೆಯ ಗೋಡೆ. ಅದರಲ್ಲಿರುವ ಅಡುಗೆಮನೆಯ ಜಾರುಬಾಗಿಲು ನೇರ ಕೊಳದ ಕಡೆಗೇ ತೆರೆಯುತ್ತದೆ. ಕಂಟ್ರಾಕ್ಟರನ್ನು ಕೇಳಿದರೆ, ‘ಗೋಡೆ ಇದೆಯಲ್ವಾ, ಸುಮ್ನೆ ಜಾಸ್ತಿ ಖರ್ಚು ಯಾಕೆ’ ಅನ್ನುತ್ತಾರೆ. ಮಗಳಿಗೆ ಮೂರು ವರ್ಷ. ಸ್ಟೂಲ್ ಎಳೆದುಕೊಂಡು ಬಂದು ಚಿಲಕ ತೆಗೆಯುತ್ತಾಳೆ! ನಿಯಮ ಏನು ಹೇಳುತ್ತೆ?

ಉತ್ತರ 1:
ಊರಿಂದ ಊರಿಗೆ ಬೇರೆ. ಅಮೆರಿಕದ ಹಲವು ಕಡೆ ಬಳಸುವ ಮಾದರಿ ನಿಯಮದಲ್ಲಿ ಬೇಲಿ ಕನಿಷ್ಠ 48 ಇಂಚು ಎತ್ತರ ಇರಬೇಕು. ಗೋಡೆಯನ್ನು ಲೆಕ್ಕಕ್ಕೆ ಹಿಡಿಯಬಹುದು, ಆದರೆ ಬಾಗಿಲಿಗೆ ಅಲಾರಂ ಥರದ ಇನ್ನೊಂದು ರಕ್ಷಣೆ ಬೇಕು. ಆಸ್ಟ್ರೇಲಿಯಾದಲ್ಲಿ ಸಾಮಾನ್ಯವಾಗಿ 1.2 ಮೀಟರ್ ಎತ್ತರ, ಸಂದು 100 ಮಿ.ಮೀ. ದಾಟುವಂತಿಲ್ಲ. ಕಟ್ಟುವ ಮೊದಲೇ ಸ್ಥಳೀಯ ಕಚೇರಿಯಿಂದ ಬರಹದಲ್ಲಿ ಉತ್ತರ ತೆಗೆದುಕೊಳ್ಳಿ. ಕಂಟ್ರಾಕ್ಟರ್ ಬಾಯಿಮಾತು ತಪಾಸಣೆಯ ದಿನ ಕೆಲಸಕ್ಕೆ ಬರಲ್ಲ.

ಉತ್ತರ 2:
ಎತ್ತರಕ್ಕಿಂತ ಗೇಟ್ ಮುಖ್ಯ. ಕೊಳದಿಂದ ಹೊರಗಡೆಗೆ ತೆರೆಯಬೇಕು, ಕೈಬಿಟ್ಟರೆ ತಾನೇ ಮುಚ್ಚಿ ಚಿಲಕ ಬೀಳಬೇಕು. ಒಂದು ಅಂಗುಲದಷ್ಟೇ ತೆರೆದು ಬಿಟ್ಟು ನೋಡಿ. ಅಷ್ಟು ಸಣ್ಣ ದೂರದಿಂದ ಮುಚ್ಚುವಾಗಲೇ ಸೋತ ಸ್ಪ್ರಿಂಗ್ ಕೈಕೊಡೋದು. ಬೇಲಿ ಪಕ್ಕ ಕುರ್ಚಿ, ಹೂಕುಂಡ, ಎಸಿ ಯೂನಿಟ್ ಏನೂ ಬೇಡ. ಹತ್ತೋಕೆ ಅಷ್ಟು ಸಾಕು.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ನಾಲ್ಕೂ ಕಡೆ ಬೇಲಿ ಹಾಕಿಸುತ್ತೇನೆ. ಇಲ್ಲಿಯ ನಿಯಮ ಏನೇ ಹೇಳಲಿ, ಆ ಜಾರುಬಾಗಿಲನ್ನು ನಾನು ನಂಬಲ್ಲ.