ಸಹಾಯ ಬೇಕು: ಎರಡು ಗಂಟೆಯೊಳಗೆ ಹಾಫ್ ಮ್ಯಾರಥಾನ್

ಎಲ್ಲರಿಗೂ ನಮಸ್ಕಾರ್ರಿ. ನನ್ನ ತಂಗಿ ಧಾರವಾಡದಲ್ಲಿ ಓಟ ಪ್ರ್ಯಾಕ್ಟೀಸ್ ಮಾಡ್ತಾಳೆ, ಕೋಚ್ ಯಾರೂ ಇಲ್ಲ. ಈ ಸಲ 10 ಕಿ.ಮೀ. ರೇಸನ್ನು 54 ನಿಮಿಷದಲ್ಲಿ ಮುಗಿಸಿದಳು, ಇಲ್ಲಿತನಕ ಅವಳ ಬೆಸ್ಟ್ ಇದೇ, ಮನೆಯಲ್ಲೆಲ್ಲ ಖುಷಿಯೋ ಖುಷಿ. ಈಗ 21.1 ಕಿ.ಮೀ. ಹಾಫ್ ಮ್ಯಾರಥಾನನ್ನು ಎರಡು ಗಂಟೆಯೊಳಗೆ ಓಡಲೇಬೇಕು ಅಂತ ಹಟ ಹಿಡಿದಿದ್ದಾಳೆ, ಅಂದರೆ ಒಂದೊಂದು ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡ್, ಅದೂ ಕೊನೆತನಕ. 15 ಕಿ.ಮೀ. ದಾಟಿದ ಮೇಲೆ ಮೀನಖಂಡ ಹಿಡಿದುಕೊಳ್ಳುತ್ತದೆ, ಟೀಶರ್ಟ್ ಮೇಲೆ ಬೆವರಿನ ಉಪ್ಪು ಬಿಳಿ ಗೆರೆ ಕಟ್ಟಿರುತ್ತದೆ. ಬರೀ ನೀರು ಸಾಲಲ್ಲ ಅಲ್ವಾ? ಓಆರ್‌ಎಸ್ ಯಾವಾಗ, ಎಷ್ಟು ಕುಡಿಯಬೇಕು? ಉಣಕಲ್ ಕೆರೆ ಕಡೆ ಭಾನುವಾರ ನಸುಕಿನಲ್ಲಿ ಲಾಂಗ್ ರನ್ ಮಾಡುವ ಹೆಣ್ಣುಮಕ್ಕಳ ಗುಂಪು ಇದ್ದರೆ ದಯವಿಟ್ಟು ತಿಳಿಸಿ. ಕತ್ತಲಲ್ಲಿ ಒಬ್ಬಳನ್ನೇ ಕಳಿಸೋಕೆ ಮನಸ್ಸಾಗಲ್ಲ.