ಜಿಐ ಡ್ರಮ್, ಕಾಸ್ಟಿಕ್, ಆಸಿಡ್: ಈ ವಾರದ ಪ್ರಶ್ನೋತ್ತರ

ಗ್ರಿಲ್ ಶಾಪ್: ಸರ್, ಹಳೇ ಗ್ರಿಲ್‌ಗಳ ಪೇಂಟ್ ಬಿಡಿಸೋಕೆ 200 ಲೀಟರ್ ಜಿಐ (ಸತು ಲೇಪಿಸಿದ ಕಬ್ಬಿಣದ) ಡ್ರಮ್ಮಲ್ಲಿ ಮುಕ್ಕಾಲು ನೀರು ತುಂಬಿ 8 ಕೆಜಿ ಕಾಸ್ಟಿಕ್ ಸೋಡಾ ಹಾಕಿದ್ವಿ. ಗುಳ್ಳೆ ಏಳ್ತಿದೆ, ಡ್ರಮ್ ಬಿಸಿ. ಘಾಟು ಬರಬಾರದು ಅಂತ ಮುಚ್ಚಳ ಬಿಗಿ ಮಾಡಿದೀವಿ. ಪೇಂಟ್ ಯಾವಾಗ ಬಿಡುತ್ತೆ?

ಗ್ಯಾಲ್ವನೈಸಿಂಗ್ ಕೆಮಿಸ್ಟ್: ಪೇಂಟ್ ಆಮೇಲೆ. ಆ ಗುಳ್ಳೆ ಹೈಡ್ರೋಜನ್, ಡ್ರಮ್ಮಿನ ಸತು ಲೇಪ ಕಾಸ್ಟಿಕ್‌ಗೆ ಕರಗಿ ಬರ್ತಿರೋದು. ವೆಲ್ಡಿಂಗ್, ಗ್ರೈಂಡರ್, ಬೀಡಿ ಈಗಲೇ ನಿಲ್ಲಿಸಿ. ಶಟರ್ ಪೂರ್ತಿ ಎತ್ತಿ. ಫ್ಯಾನಿನ ಸ್ವಿಚ್ ಮುಟ್ಟಬೇಡಿ, ಕಿಡಿ ಹಾರುತ್ತೆ. ಡ್ರಮ್ ಉಬ್ಬಿದ್ರೆ ಎಲ್ಲರೂ ಹೊರಗೆ, 112ಕ್ಕೆ ಫೋನ್. ಉಬ್ಬಿಲ್ಲದಿದ್ರೆ ಕನ್ನಡಕ, ರಬ್ಬರ್ ಗ್ಲೌಸ್ ಹಾಕಿ, ಮುಖ ದೂರ ಇಟ್ಟು ಮುಚ್ಚಳ ಸ್ವಲ್ಪ ಸ್ವಲ್ಪವೇ ಸಡಿಲಿಸಿ.

ಲೆಕ್ಕ ನೋಡಿ: ನಿಮ್ಮ ಡ್ರಮ್ಮಲ್ಲಿ ನೀರಿನ ಮೇಲೆ ಖಾಲಿ ಇರೋದು 50 ಲೀಟರ್ ಜಾಗ. ಗಾಳೀಲಿ ನೂರಕ್ಕೆ 4 ಪಾಲು ಹೈಡ್ರೋಜನ್ ಸೇರಿದ್ರೆ ಕಿಡಿಗೆ ಹತ್ತಿಕೊಳ್ಳುತ್ತೆ, ಅಂದ್ರೆ ಬರೀ 2 ಲೀಟರ್. 65 ಗ್ರಾಂ ಸತು ಕರಗಿದ್ರೆ ಸುಮಾರು 24 ಲೀಟರ್ ಹೈಡ್ರೋಜನ್ ಬರುತ್ತೆ, ಹಾಗಾಗಿ ಆ 2 ಲೀಟರಿಗೆ ಐದಾರು ಗ್ರಾಂ ಸತು ಸಾಕು. ಒಳಮೈ ಲೇಪದಲ್ಲಿ ಅದರ ಹತ್ತಾರು ಪಟ್ಟು ಇದೆ. ಕಾಸ್ಟಿಕ್ ಕರಗುವಾಗಲೇ ನೀರು ಬಿಸಿಯಾಗುತ್ತೆ, ಆ ಬಿಸಿಗೆ ಸತು ಇನ್ನೂ ಬೇಗ ಕರಗುತ್ತೆ.

ಕಬ್ಬಿಣವನ್ನು ಕಾಸ್ಟಿಕ್ ಅಷ್ಟಾಗಿ ತಿನ್ನಲ್ಲ. ಮುಂದೆ ಸತು ಲೇಪವಿಲ್ಲದ ಕಪ್ಪು ಕಬ್ಬಿಣದ ಡ್ರಮ್ ಬಳಸಿ, ಬಯಲಲ್ಲಿಡಿ. ಅಲ್ಯೂಮಿನಿಯಂ ಗ್ರಿಲ್ ಇದ್ರೆ ಕಾಸ್ಟಿಕ್ ಬೇಡವೇ ಬೇಡ, ಅದೂ ಸತುವಿನ ಹಾಗೇ ಕರಗುತ್ತೆ.

ಮೆಂಬರ್ 1: ಒಂದು ಕ್ಯಾನ್ ಆಸಿಡ್ ಸುರೀರಿ ಗುರುಗಳೇ, ನ್ಯೂಟ್ರಲ್ ಆಗುತ್ತೆ.

ಕೆಮಿಸ್ಟ್: ದಯವಿಟ್ಟು ಸುರಿಯಬೇಡಿ. ಕುದ್ದು ಮುಖಕ್ಕೆ ಎರಚುತ್ತೆ. ಆಸಿಡ್ ಹೆಚ್ಚಾದ್ರೆ ಸತುವಿನಿಂದ ಮತ್ತೆ ಅದೇ ಹೈಡ್ರೋಜನ್.

ಮೆಂಬರ್ 2: ಫಾರ್ವರ್ಡ್ ಬಂದಿದೆ, ವಿನೆಗರ್ ಜೊತೆ ಅಡುಗೆ ಸೋಡಾ ಹಾಕಿದ್ರೆ ಎಂಥ ಪೇಂಟೂ ಬಿಡುತ್ತಂತೆ.

ಕೆಮಿಸ್ಟ್: ಒಂದನ್ನೊಂದು ಕೊಂದು ಉಪ್ಪುನೀರಾಗುತ್ತೆ. ನೊರೆ ನೋಡಿ ಖುಷಿಪಡಬಹುದು, ಅಷ್ಟೇ.

ಪಿಯು ವಿದ್ಯಾರ್ಥಿ: ಸರ್, ಲ್ಯಾಬಲ್ಲಿ ಲವಣದ ದ್ರಾವಣಕ್ಕೆ ಕಾಸ್ಟಿಕ್ ಹನಿಸಿದ್ರೆ ಬಿಳಿ ಪ್ರಕ್ಷೇಪ (ಕರಗದ ಗಸಿ) ಬಂತು, ಜಾಸ್ತಿ ಹಾಕಿದ್ರೆ ಕರಗಿತು. ಸತುವೋ ಅಲ್ಯೂಮಿನಿಯಮ್ಮೋ?

ಟ್ಯೂಷನ್ ಮೇಷ್ಟ್ರು: ಎರಡೂ ಉಭಯಧರ್ಮಿ, ಅಂದ್ರೆ ಆಮ್ಲ, ಕ್ಷಾರ ಎರಡರಲ್ಲೂ ಕರಗೋವು; ಹಾಗಾಗಿ ಕಾಸ್ಟಿಕ್‌ನಲ್ಲಿ ಎರಡೂ ಕರಗುತ್ತೆ. ಹೊಸ ದ್ರಾವಣಕ್ಕೆ ಅಮೋನಿಯಾ ಹಾಕು. ಪ್ರಕ್ಷೇಪ ಬಂದು, ಜಾಸ್ತಿ ಅಮೋನಿಯಾದಲ್ಲಿ ಕರಗಿದ್ರೆ ಸತು. ಅಲ್ಯೂಮಿನಿಯಂ ಹಾಗೇ ಉಳಿಯುತ್ತೆ.

ಮೆಂಬರ್ 1: ಅಮೋನಿಯಾನೂ ಕ್ಷಾರ ತಾನೇ? ಎರಡೂ ಕರಗಲೇಬೇಕು.

ಟ್ಯೂಷನ್ ಮೇಷ್ಟ್ರು: ಅದು ದುರ್ಬಲ ಕ್ಷಾರ ಸ್ವಾಮಿ. ಸತುವನ್ನು ಕರಗಿಸೋದು ಕ್ಷಾರಗುಣ ಅಲ್ಲ, ಅಮೋನಿಯಾ ಅಣುಗಳೇ ಸತುವಿನ ಅಯಾನಿಗೆ ಅಂಟಿಕೊಂಡು ಎಳ್ಕೊಂಡು ಹೋಗೋದು. ಓದಿ ಬನ್ನಿ.

ಮೆಂಬರ್ 1: ಓದಿದವರೆಲ್ಲ ಹೀಗೇ ಮಾತಾಡೋದು.

ಭತ್ತದ ರೈತ: ಜಿಂಕ್ (ಸತು) ಸಲ್ಫೇಟ್ ಸ್ಪ್ರೇಗೆ ಸುಣ್ಣ ಯಾಕೆ?

ಕೆಮಿಸ್ಟ್: ದ್ರಾವಣ ಹುಳಿ, ಎಲೆ ಸುಡುತ್ತೆ. ಲೀಟರಿಗೆ 5 ಗ್ರಾಂ ಸಲ್ಫೇಟ್, ಎರಡೂವರೆ ಗ್ರಾಂ ಅರಳಿದ ಸುಣ್ಣ. ಬೇರೆ ಬೇರೆ ಕಲಸಿ, ಸೋಸಿ ಸೇರಿಸಿ. ಡಿಎಪಿ (ಫಾಸ್ಫೇಟ್ ಇರೋ ಗೊಬ್ಬರ) ಜೊತೆ ಬೇಡ, ಜಿಂಕ್ ಫಾಸ್ಫೇಟ್ ಆಗಿ ತಳ ಸೇರುತ್ತೆ.

ಮೆಂಬರ್ 2: ಜಿಐ ಬಕೆಟ್ಟಲ್ಲಿ ಹುಳಿ ಮಜ್ಜಿಗೆ ರಾತ್ರಿಯಿಡೀ ಇಟ್ಟು ಕುಡಿದ್ರೆ ಸತು ಸಿಗುತ್ತೆ, ಇಮ್ಯುನಿಟಿ. ಇದೂ ಫಾರ್ವರ್ಡ್.

ಕೆಮಿಸ್ಟ್: ಸಿಗುತ್ತೆ, ವಾಂತಿ ಆಗುವಷ್ಟು. ಮಜ್ಜಿಗೆ, ಹುಣಿಸೆ ರಸ, ನಿಂಬೆ ಪಾನಕ ಯಾವುದನ್ನೂ ಜಿಐ ಪಾತ್ರೇಲಿ ಇಡಬೇಡಿ. ಆ ಫಾರ್ವರ್ಡ್ ಡಿಲೀಟ್ ಮಾಡಿ.

ಮೆಂಬರ್ 3: ಹಳೇ ಟಾರ್ಚ್ ಸೆಲ್ಲಿಂದ ಸತು ತೆಗೆಯೋದು ಹೇಗೆ ಸರ್?

ಮೆಂಬರ್ 4: ಜಿಐ ಬಕೆಟ್ಟಲ್ಲಿ ಕಾಸ್ಟಿಕ್ ಕಲಸಬಹುದಾ ಸರ್?

ಕೆಮಿಸ್ಟ್: ಮೆಂಬರ್ 4, ಮೇಲಿಂದ ಓದಿ. ಗ್ರಿಲ್ ಶಾಪ್‌ನವರೇ, ಮುಚ್ಚಳ ತೆಗೆದ್ರಾ ಇಲ್ವಾ? ಅದು ಮೊದಲು ಹೇಳಿ.